ಚಾರ್ಮಾಡಿಯ ತಿರುವಿನಲ್ಲಿ ಮುರಿದ ಎಲ್ಬೋ

ಧರ್ಮಸ್ಥಳದಿಂದ ಹೊರಟು ಉಜಿರೆಯನ್ನು ದಾಟಿ ಚಾರ್ಮಾಡಿ ಘಟ್ಟವನ್ನು ಹತ್ತತೊಡಗಿದ ನನ್ನ ಹಳೆಯ ಕಾರಿನೊಳಗೆ, ನಾಲ್ಕನೆಯದೋ ಐದನೆಯದೋ ಹಿಮ್ಮುರಿ ತಿರುವಿನಲ್ಲಿ, ಬೆಲ್ಲದ ಪಾಕವನ್ನು ಕಾಸಿದಂಥ ಸಿಹಿವಾಸನೆಯೊಂದು ಮೆಲ್ಲನೆ ಹರಡಿದಾಗ, ಅದು ಹಿಂದಿನ ಸೀಟಿನಲ್ಲಿಟ್ಟಿದ್ದ ಪಂಚಕಜ್ಜಾಯದ ಪೊಟ್ಟಣದಿಂದ ಬಂದುದೆಂದು ಭಾವಿಸಿ ನಾನು ಪರಮ ನಿಶ್ಚಿಂತೆಯಿಂದ ಗಾಡಿಯನ್ನು ಓಡಿಸಿಕೊಂಡೇ ಹೋದೆನೆಂಬುದನ್ನು ಈಗ ನೆನೆದರೆ ನಗೆ ಬರುತ್ತದೆ, ಅಂದು ಬರಲಿಲ್ಲ. ಮಳೆಗಾಲ ಆಗಷ್ಟೇ ಹಿಂದೆಗೆದಿತ್ತು. ಬಂಡೆಗಳಿಂದ ಇನ್ನೂ ನೀರು ಇಳಿಯುತ್ತಿತ್ತು. ಕಣಿವೆಯ ಮಂಜು ಕಿಟಕಿಯ ಗಾಜಿಗೆ ಮುಖವೊತ್ತಿ ಒಳಗೆ ಇಣುಕುತ್ತಿತ್ತು. ಇಂಥ ರಮ್ಯಸ್ಥಳದಲ್ಲಿ ಬಾನೆಟ್ಟಿನೊಳಗಿನ ಲೋಕದ ಕಡೆಗೆ ಯಾರ ಮನಸ್ಸು ಹರಿದೀತು?

ಎಂಜಿನ್ನಿನ ಉಷ್ಣವನ್ನು ತೋರಿಸುವ ಮುಳ್ಳು ಮಾತ್ರ ತನ್ನ ಕರ್ತವ್ಯವನ್ನು ಮರೆತಿರಲಿಲ್ಲ. ಅದು ಎಂದಿನ ನಡುಗೆರೆಯನ್ನು ಬಿಟ್ಟು ಕೆಂಪಿನತ್ತ ಏರಿತು, ನಾನು ಗಾಬರಿಗೊಂಡೆ. ಮರುಕ್ಷಣದಲ್ಲಿಯೇ ಅದು ತಾನಾಗಿ ಕೆಳಗಿಳಿಯಿತು, ನಾನು ಸಮಾಧಾನಗೊಂಡೆ. ಗಾಬರಿಗೊಳ್ಳಬೇಕಾದುದು ಎರಡನೆಯ ಸಲ ಎಂಬುದು ಆಮೇಲೆ ತಿಳಿಯಿತು. ಆ ಮುಳ್ಳನ್ನು ಆಡಿಸುವ ಸೆನ್ಸರು ನೀರಿನಲ್ಲಿ ಮುಳುಗಿರುವತನಕ ಮಾತ್ರ ಸತ್ಯವನ್ನು ನುಡಿಯತಕ್ಕದ್ದು; ನೀರೆಲ್ಲ ಸೋರಿಹೋಗಿ ಅದರ ಸುತ್ತ ಬರಿಯ ಗಾಳಿಯುಳಿದಾಗ, ಎಂಜಿನ್ನು ಬೇಯುತ್ತಿದ್ದರೂ, ತನಗೆ ತಣ್ಣಗಾಯಿತೆಂದೇ ಅದು ವರದಿಮಾಡುತ್ತದೆ. ರೋಗಿಯ ನಾಡಿ ಸಿಕ್ಕದ ವೈದ್ಯನು ಜ್ವರವಿಳಿಯಿತೆಂದು ಹೇಳಿದ ಹಾಗೆ. ಮುಂದಿನ ತಿರುವಿನಲ್ಲಿ ಬಾನೆಟ್ಟಿನ ಅಂಚುಗಳಿಂದ ಬಿಳಿಯ ಹಬೆ ಎದ್ದು ಕಣಿವೆಯ ಮಂಜಿನೊಡನೆ ಬೆರೆತುಕೊಂಡಿತು. ಗಾಡಿಯನ್ನು ಬಂಡೆಯ ಮಗ್ಗುಲಿಗೆ ಒತ್ತಿ ನಿಲ್ಲಿಸಿ ಕೀಲಿಯನ್ನು ತಿರುಗಿಸಿದೆ.

ಮುರಿದದ್ದೇನೆಂಬುದನ್ನು ಹೇಳುವ ಮೊದಲು, ಅದು ಅಲ್ಲಿ ಏಕಿತ್ತೆಂಬುದನ್ನು ಹೇಳಬೇಕು. ಪೆಟ್ರೋಲನ್ನು ಉರಿಸಿದಾಗ ಹುಟ್ಟುವ ಶಕ್ತಿಯಲ್ಲಿ ಚಕ್ರವನ್ನು ತಿರುಗಿಸಲು ದೊರೆಯುವುದು ಸ್ಥೂಲವಾಗಿ ಮೂರರಲ್ಲೊಂದು ಪಾಲು, ಹಲವು ವೇಳೆ ಅದಕ್ಕೂ ಕಡಿಮೆ. ಇನ್ನೊಂದು ಪಾಲು ಹೊಗೆಯ ಕೊಳವೆಯಿಂದ ಹೊರಬೀಳುತ್ತದೆ. ಉಳಿದ ಪಾಲು ಎಂಜಿನ್ನಿನ ಮೈಯನ್ನೇ ಕಾಯಿಸುತ್ತ ಕೂರುತ್ತದೆ. ಸಿಲಿಂಡರಿನೊಳಗೆ ಜ್ವಾಲೆಯ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುವುದುಂಟು. ಅದರ ಮೇಲೆ ಮುಚ್ಚಳವಾಗಿ ಕುಳಿತ ಹೆಡ್ಡಿನ ಅಲ್ಯೂಮಿನಿಯಮ್ಮು 660 ಡಿಗ್ರಿಗೆ ಕರಗುವ ಲೋಹ. ಅಗ್ನಿಗೂ ಲೋಹಕ್ಕೂ ಇರುವ ಈ ವಿಷಮ ದಾಂಪತ್ಯವು ಮುರಿಯದೆ ನಡೆಯುತ್ತಿರುವುದು ನಡುವೆ ಹರಿಯುವ ಮೂರು ನಾಲ್ಕು ಲೀಟರು ನೀರಿನ ಸಂಧಾನದಿಂದ. ನೀರು ತನ್ನ ತೂಕದ ಗಾಳಿಗಿಂತ ಸುಮಾರು ನಾಲ್ಕು ಪಟ್ಟು ಉಷ್ಣವನ್ನು ಹೀರಿ ಒಯ್ಯಬಲ್ಲುದು. ಪಂಪು ಅದನ್ನು ಎಂಜಿನ್ನಿನ ಗೋಡೆಗಳೊಳಗೆ ತಳ್ಳುತ್ತದೆ. ಥರ್ಮೋಸ್ಟಾಟ್ ಎಂಬ ಮೇಣದ ಬಾಗಿಲು 80 ಡಿಗ್ರಿಯ ಆಸುಪಾಸಿನಲ್ಲಿ ಅದಕ್ಕೆ ದಾರಿಬಿಡುತ್ತದೆ. ರೇಡಿಯೇಟರು ಅದರ ಉಷ್ಣವನ್ನು ಗಾಳಿಗೆ ತೂರುತ್ತದೆ.

ಮೊದಮೊದಲಿನ ಗಾಡಿಗಳಿಗೆ ಇಷ್ಟೊಂದು ಏರ್ಪಾಡು ಇರಲಿಲ್ಲ. ನೀರು ಕುದಿದು ಆವಿಯಾಗಿ ಹೋದಷ್ಟನ್ನು ಮತ್ತೆ ಹೊಯ್ಯುವುದೇ ಅಂದಿನ ಶೈತ್ಯೋಪಚಾರ. 1888ರ ಆಗಸ್ಟಿನಲ್ಲಿ ಬೆರ್ಟಾ ಬೆಂಜ್ ಎಂಬ ಗೃಹಿಣಿ ಗಂಡನಿಗೆ ತಿಳಿಸದೆ, ಗಂಡನೇ ಕಟ್ಟಿದ ಮೂರು ಚಕ್ರದ ಗಾಡಿಯಲ್ಲಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮಿನಿಂದ ಫೋರ್ಜ್‌ಹೈಮಿನ ತವರಿಗೆ ನೂರಕ್ಕೂ ಹೆಚ್ಚು ಕಿಲೋಮೀಟರು ಹೊರಟಾಗ, ದಾರಿಯುದ್ದಕ್ಕೂ ಸಿಕ್ಕಿದಲ್ಲೆಲ್ಲ ನೀರನ್ನು ತುಂಬಿಸಿಕೊಳ್ಳುತ್ತ ಹೋಗಬೇಕಾಯಿತು. ಇಂಧನದ ಕೊಳವೆ ಕಟ್ಟಿಕೊಂಡಾಗ ಆಕೆ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಜಗತ್ತಿನ ಮೊದಲ ದೂರದ ಮೋಟಾರು ಪ್ರಯಾಣವೇ ದಾರಿಬದಿಯ ರಿಪೇರಿಯ ಪ್ರಯಾಣವಾಗಿತ್ತೆಂಬುದು, ಚಾರ್ಮಾಡಿಯಲ್ಲಿ ಹಬೆಯೆದುರು ನಿಂತವನಿಗೆ ಅಲ್ಪಸ್ವಲ್ಪ ಧೈರ್ಯವನ್ನು ಕೊಡಬಲ್ಲ ವಿಷಯ. ಆಮೇಲೆ 1900ರ ಹೊತ್ತಿಗೆ ವಿಲ್ಹೆಲ್ಮ್ ಮೈಬಾಕ್ ಎಂಬ ಎಂಜಿನಿಯರನು 8070 ಪುಟ್ಟ ನಾಳಗಳನ್ನು ಜೇನುಗೂಡಿನಂತೆ ಜೋಡಿಸಿ ರೇಡಿಯೇಟರನ್ನು ರಚಿಸಿದ ಮೇಲೆ ಅದೇ ನೀರನ್ನು ಮತ್ತೆಮತ್ತೆ ತಣಿಸಿ ತಿರುಗಿಸುವುದು ಸುಲಭವಾಯಿತು.

ಇಂದಿನ ಗಾಡಿಗಳಲ್ಲಿ ಈ ನೀರು ಒತ್ತಡದೊಳಗೆ ಬಂದಿಯಾಗಿದೆ. ರೇಡಿಯೇಟರಿನ ಮುಚ್ಚಳವು ಚದರ ಸೆಂಟಿಮೀಟರಿಗೆ 0.9 ಕಿಲೋಗ್ರಾಮಿನಷ್ಟು ಒತ್ತಡವನ್ನು ಹಿಡಿದಿಟ್ಟರೆ ನೀರು 100ರ ಬದಲು ಸುಮಾರು 118 ಡಿಗ್ರಿಗೆ ಕುದಿಯುತ್ತದೆ. ಪ್ರತಿ ಮುನ್ನೂರು ಮೀಟರು ಮೇಲೇರಿದಂತೆ ಕುದಿಬಿಂದು ಒಂದೊಂದು ಡಿಗ್ರಿ ಇಳಿಯುವ ಈ ನಮ್ಮ ಘಟ್ಟಗಳಲ್ಲಿ ಇದು ದೊಡ್ಡ ಉಪಕಾರವೇ ಸರಿ. ಆದರೆ ಒತ್ತಡವೆಂಬುದು ಪಕ್ಷಪಾತವಿಲ್ಲದ ಪರೀಕ್ಷಕ. ದಾರಿಯಲ್ಲಿ ಎಲ್ಲಿ ದುರ್ಬಲವಾದ ಸಂದಿಯಿದೆಯೋ ಅದನ್ನು ಹುಡುಕಿ ತಟ್ಟುತ್ತದೆ. ನನ್ನ ಗಾಡಿಯಲ್ಲಿ ಅದು ಕಂಡುಹಿಡಿದದ್ದು, ಎಂಜಿನ್ನಿನ ಬೆನ್ನಿಗೆ ತಿರುಚಿ ಕೂರಿಸಿದ್ದ, ಒಳಗಿನ ಹೀಟರಿಗೆ ಬಿಸಿನೀರನ್ನು ಒಯ್ಯುವ ರಬ್ಬರಿನ ಹೋಸ್ ಪೈಪಿಗೆ ಬಾಯಿಯಾಗಿದ್ದ, ಹೆಬ್ಬೆರಳಿನ ಗಾತ್ರದ ಒಂದು ಕಪ್ಪು ಪ್ಲಾಸ್ಟಿಕ್ಕಿನ ತುಂಡನ್ನು. ಮೊಣಕೈಯಂತೆ ಬಾಗಿರುವ ಕಾರಣ ಮೆಕ್ಯಾನಿಕ್ಕುಗಳು ಅದನ್ನು ಎಲ್ಬೋ ಎನ್ನುತ್ತಾರೆ. ಬುಡದಲ್ಲಿಯೇ ಮುರಿದು, ಅರ್ಧ ಪೈಪಿನೊಡನೆ ಜೋತಾಡುತ್ತಿತ್ತು. ಉಳಿದರ್ಧ ಎಂಜಿನ್ನಿನ ತೂತಿನೊಳಗೆ ಮುರಿದ ಹಲ್ಲಿನ ಬೇರಿನಂತೆ ಕುಳಿತಿತ್ತು.

ಆ ಹೊತ್ತಿಗೆ ಮಂಗಳೂರು ಕಡೆಯಿಂದ ಮೀನು ಹೊತ್ತು ಬರುತ್ತಿದ್ದ ಗಾಡಿಯೊಂದು ನಿಧಾನಿಸಿತು. ಚಾಲಕನು ತಲೆಯನ್ನು ಹೊರಗೆ ಚಾಚಿ, “ಎಂತ ಆಯ್ತು ಮಾರಾಯ್ರೇ?” ಎಂದನು. ಅವನ ಗಾಡಿಯ ಹಿಂಬದಿಯಿಂದ ಹಿಮಗಡ್ಡೆಯ ನೀರು ತೊಟ್ಟಿಕ್ಕುತ್ತಿದ್ದುದನ್ನು ಕಂಡು, ನನ್ನ ಬುದ್ಧಿಗೆ ಆ ಗಳಿಗೆಯಲ್ಲಿ ಮಹಾಸೂಕ್ಷ್ಮವೆಂದು ತೋರಿದ ಸಲಹೆಯೊಂದನ್ನು ನಾನು ಮುಂದಿಟ್ಟೆ: ಎರಡು ಬೊಗಸೆ ಐಸನ್ನು ಎಂಜಿನ್ನಿನ ಮೇಲೆ ಸುರಿದರೆ ಹೇಗೆ?

“ಬೇಡ ಮಾರಾಯ್ರೇ! ಕಾದ ಹಂಚಿಗೆ ನೀರು ಹೊಯ್ದ ಹಾಗೆ ಆಗ್ತದೆ. ಹೆಡ್ಡು ಚಟ್ ಅಂತ ಬಿರಿದ್ರೆ ಯಾರು ಕೇಳುವುದು? ಒಂದು ಗಂಟೆ ಸುಮ್ಮನೆ ಕೂತ್ಕೊಳ್ಳಿ.”

ಅವನ ಮಾತಿನ ಹಿಂದಿರುವ ಲೆಕ್ಕವು ಸರಳವಾದುದು. ಒಂದೇ ಉಷ್ಣಕ್ಕೆ ಅಲ್ಯೂಮಿನಿಯಮ್ಮು ಬೀಡುಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮೂವತ್ತು ಸೆಂಟಿಮೀಟರು ಉದ್ದದ ಹೆಡ್ಡು ನೂರು ಡಿಗ್ರಿ ಹೆಚ್ಚು ಕಾದರೆ ಹತ್ತಿರ ಹತ್ತಿರ ಮುಕ್ಕಾಲು ಮಿಲಿಮೀಟರು ಬೆಳೆಯುತ್ತದೆ. ಬೋಲ್ಟುಗಳು ಅದನ್ನು ಬಿಗಿಹಿಡಿದಿವೆ. ಹಿಗ್ಗಲು ಎಡೆಯಿಲ್ಲದ ಲೋಹವು ಬಾಗುತ್ತದೆ. ಬಾಗಿದ ಹೆಡ್ಡಿನ ಕೆಳಗೆ ಗ್ಯಾಸ್ಕೆಟ್ಟು ಹೋಗುತ್ತದೆ. ಅಲ್ಲಿಂದ ಮುಂದೆ ನೂರು ರೂಪಾಯಿಯ ರೋಗವು ಹತ್ತಾರು ಸಾವಿರದ ಶಸ್ತ್ರಚಿಕಿತ್ಸೆಯಾಗುತ್ತದೆ. ಕಾದದ್ದು ಒಂದು ಮಗ್ಗುಲಲ್ಲಿ ಮಾತ್ರ ಥಟ್ಟನೆ ಕುಗ್ಗಿದರಂತೂ ಬಿರುಕು ಕಟ್ಟಿಟ್ಟದ್ದು. ಆದುದರಿಂದ ಕುದಿದ ಎಂಜಿನ್ನಿಗೆ ಮೊದಲ ಮದ್ದು ಕಾಲ. ಮುಚ್ಚಳವನ್ನು ಮುಟ್ಟುವುದೂ ಆ ಬಳಿಕವೇ. ಬಿಸಿಯಿರುವಾಗ ಮುಚ್ಚಳವನ್ನು ತಿರುಗಿಸಿದವರ ಮುಖದ ಮೇಲೆ 110 ಡಿಗ್ರಿಯ ನೀರು ಒಮ್ಮೆಗೇ ಆವಿಯಾಗಿ ಎರಗುತ್ತದೆ.

ಮೀನು ಕೆಡುವ ಆತುರವಿದ್ದರೂ ಆ ಪುಣ್ಯಾತ್ಮನು ನಿಂತನು. ಗಾಡಿಯನ್ನು ಏರಿನಲ್ಲಿ ನಿಲ್ಲಿಸುವಾಗ ಚಕ್ರದಡಿಗೆ ಅಡ್ಡ ಕೊಡುವ ಮರದ ತುಂಡಿನಿಂದ ಎರಡು ಸಿಬಿರುಗಳನ್ನು ಸೀಳಿ, ಮೀನು ಹೆಚ್ಚುವ ಕತ್ತಿಯಿಂದ ಬೆಂಡೆಕಾಯಿಯ ತುದಿಯಂತೆ ಹೆರೆದು, ಎರಡು ಗೂಟಗಳನ್ನು ಮಾಡಿದನು. ಒಂದಕ್ಕೆ ಹಳೆಯ ಬೈರಾಸಿನ ಅಂಚನ್ನು ಸುತ್ತಿ ಎಂಜಿನ್ನಿನ ತೂತಿಗೆ ಬಡಿದದ್ದಾಯಿತು; ಇನ್ನೊಂದನ್ನು ಪೈಪಿನ ಬಾಯಿಗೆ ತುರುಕಿ ಇದ್ದ ಕ್ಲಿಪ್ಪನ್ನೇ ಬಿಗಿದದ್ದಾಯಿತು. ಬಂಡೆಯಿಂದ ಇಳಿಯುತ್ತಿದ್ದ ತೊರೆಯ ನೀರನ್ನು ಬಾಟಲಿಯಲ್ಲಿ ಹಿಡಿದು ಹಿಡಿದು ರೇಡಿಯೇಟರಿಗೆ ಹೊಯ್ದೆವು. ಒಣಮರವು ನೀರುಂಡು ಊದಿಕೊಳ್ಳುವುದರಿಂದ ಗೂಟವು ಹೋಗಹೋಗುತ್ತ ತಾನೇ ಬಿಗಿಯಾಗುವುದಂತೆ. “ಮುಚ್ಚಳ ಪೂರ್ತಿ ತಿರುಗಿಸಬೇಡಿ, ಅರ್ಧಕ್ಕೇ ಬಿಡಿ. ಪ್ರೆಶರ್ ಕಟ್ಟಿದ್ರೆ ಗೂಟ ಗುಂಡಿನ ಹಾಗೆ ಹಾರ್ತದೆ,” ಎಂದು ಹೇಳಿ, ಕೊಟ್ಟ ಹಣವನ್ನು ಕೈಯಿಂದಲೇ ತಳ್ಳಿ, ಅವನು ತನ್ನ ದಾರಿಯನ್ನು ಹಿಡಿದನು. ಅವನ ಹೆಸರನ್ನು ಕೇಳದೆಯೇ ಬಿಟ್ಟೆನಲ್ಲಾ ಎಂಬುದು ಇಂದಿಗೂ ನನಗೆ ನಾಚಿಕೆಯ ಸಂಗತಿ.

ಒತ್ತಡವಿಲ್ಲದ ನೀರು ಬೇಗ ಕುದಿಯುವುದಾದ್ದರಿಂದ, ಎರಡೆರಡು ಕಿಲೋಮೀಟರಿಗೊಮ್ಮೆ ನಿಂತು, ದಣಿದ ಎತ್ತಿಗೆ ಉಸಿರುಕೊಟ್ಟಂತೆ ಎಂಜಿನ್ನಿಗೆ ಉಸಿರುಕೊಡುತ್ತ ಕೊಟ್ಟಿಗೆಹಾರವನ್ನು ಮುಟ್ಟಿದೆ. ಅಲ್ಲಿಯ ನೀರ್‌ದೋಸೆ ಪ್ರಸಿದ್ಧವಾದುದು. ಗಾಡಿ ಆರುವತನಕ ಎಷ್ಟು ತಿಂದೆನೆಂಬುದನ್ನು ಇಲ್ಲಿ ನಮೂದಿಸುವ ಅಗತ್ಯವಿಲ್ಲ. ಕತ್ತಲಾಗುವ ವೇಳೆಗೆ ಮೂಡಿಗೆರೆಯನ್ನು ಸೇರಿ, ಗಾಡಿಯನ್ನು ಒಂದು ಸಣ್ಣ ವರ್ಕ್‌ಶಾಪಿನ ಮುಂದೆ ಬಿಟ್ಟು ಮಲಗಿದೆ.

ಮರುದಿನ ಬೆಳಗ್ಗೆ ಬಂದ ಮೇಸ್ತ್ರಿಗಳು ಅರುವತ್ತರ ಹತ್ತಿರದವರು, ಮಿತಭಾಷಿಗಳು. ಗೂಟವನ್ನು ಕಂಡು, “ಕೆಳಗಿನವರ ಕೈಕೆಲಸ, ಅಲ್ವಾ ಸಾರ್?” ಎಂದು ಮೆಚ್ಚುಗೆಯಿಂದ ನಕ್ಕರು. ಅನಂತರ ಒಳಗಿದ್ದ ನೀರನ್ನು ಒಂದು ಬೋಗುಣಿಗೆ ಇಳಿಸಿದರು. ಘಟ್ಟದ ನೀರಿನೊಡನೆ ಎಂಜಿನ್ನಿನೊಳಗೆ ಅಲ್ಪಸ್ವಲ್ಪ ಉಳಿದಿದ್ದ, ನೀರಿಗೆ ಬೆರೆಸುವ ಹಸಿರು ಕೂಲೆಂಟೂ ಬಂತು. ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಮೂಸುತ್ತ ಬಂದದ್ದೇ ತಡ, ಅಷ್ಟೊತ್ತು ಮೆಲುದನಿಯಲ್ಲಿದ್ದ ಮೇಸ್ತ್ರಿಗಳು ಗದರಿ ಅದನ್ನು ಅಟ್ಟಿ, ಕೆಲಸದ ಹುಡುಗನಿಂದ ಬೋಗುಣಿಯ ಮೇಲೆ ಹಲಗೆಯನ್ನು ಮುಚ್ಚಿಸಿದರು. ನನ್ನ ಪಂಚಕಜ್ಜಾಯದ ವಾಸನೆಯ ಗುಟ್ಟು ಅಲ್ಲಿ ಬಯಲಾಯಿತು. ಆ ವಾಸನೆ ಕೂಲೆಂಟಿನದು. ಅದರ ಮುಖ್ಯದ್ರವ್ಯವಾದ ಇಥಿಲೀನ್ ಗ್ಲೈಕಾಲಿನ ರುಚಿಯೂ ಸಿಹಿ. ಆ ಸಿಹಿಗೆ ಮರುಳಾಗಿ ನೆಕ್ಕಿದ ಪ್ರಾಣಿಯ ಮೂತ್ರಪಿಂಡಗಳು ನಾಶವಾಗುತ್ತವೆ. ಮಕ್ಕಳ ವಿಷಯದಲ್ಲಿಯೂ ಅದು ಅಷ್ಟೇ ಘೋರವಾದುದು. ಅಂಗಳಕ್ಕೆ ಸುರಿಯಬಾರದ ದ್ರವಗಳಲ್ಲಿ ಇದೊಂದೆಂದು ಗಾಡಿ ತೊಳೆಯುವವರಿಗೆಲ್ಲ ತಿಳಿದಿರಬೇಕು.

ಹೊಸ ಎಲ್ಬೋವನ್ನು ಹಾಕುವುದಲ್ಲವೆ, ಅರ್ಧ ಗಂಟೆಯ ಕೆಲಸವೆಂದು ನಾನು ಎಣಿಸಿದ್ದೆ. ಕೊನೆಗೆ ಹೊಸ ತುಂಡನ್ನು ಹಾಕುವುದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಮುರಿದದ್ದನ್ನು ತೆಗೆಯುವುದಕ್ಕೆ ಇಡೀ ಪೂರ್ವಾಹ್ನ ಹಿಡಿಯಿತು. ತೂತಿನ ಅಂಚಿಗೆ ಸಮನಾಗಿ ಮುರಿದ ತುಂಡನ್ನು ಹಿಡಿಯಲು ಇಕ್ಕಳಕ್ಕೆ ಆಸರೆಯಿಲ್ಲ. ಬಡಿದರೆ ಅದು ಒಳಕ್ಕೆ ಬಿದ್ದು ನೀರಿನ ದಾರಿಯಲ್ಲಿ ತೇಲುತ್ತ ರೇಡಿಯೇಟರಿನ ನಾಳದಲ್ಲೋ ಥರ್ಮೋಸ್ಟಾಟಿನ ಬಾಯಲ್ಲೋ ಸಿಕ್ಕಿಕೊಳ್ಳುತ್ತದೆ. ಡ್ರಿಲ್ಲು ಹಾಕಿದರೆ ಅಲ್ಯೂಮಿನಿಯಮ್ಮಿನ ಮೃದುವಾದ ಥ್ರೆಡ್ಡು ಹಾಳಾಗುತ್ತದೆ. ಅವಸರದ ಮೆಕ್ಯಾನಿಕ್ಕು ಕೆಡಿಸುವುದು ಇಲ್ಲಿಯೇ. ಮೇಸ್ತ್ರಿಗಳು ಮೊದಲು ಒಂದು ಬಟ್ಟೆಯ ಚೂರಿಗೆ ಗ್ರೀಸು ಸವರಿ, ದಾರ ಕಟ್ಟಿ, ತೂತಿನ ಒಳಭಾಗಕ್ಕೆ ತುರುಕಿ ದಾರದ ತುದಿಯನ್ನು ಹೊರಗೆ ಬಿಟ್ಟರು. ಬೀಳುವ ಪುಡಿಯೆಲ್ಲ ಆ ಗ್ರೀಸಿಗೆ ಅಂಟಬೇಕು. ಬಳಿಕ ಹ್ಯಾಕ್ಸಾ ಬ್ಲೇಡನ್ನು ಮುರಿದು, ಅದರ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿಕೆ ಮಾಡಿಕೊಂಡು, ಪ್ಲಾಸ್ಟಿಕ್ಕಿನ ಬಳೆಯ ಒಳಮೈಯನ್ನು ಎದುರುಬದುರಾಗಿ ಎರಡು ಕಡೆ ಗೀರುತ್ತ ಬಂದರು. ಪ್ಲಾಸ್ಟಿಕ್ಕು ಮುಗಿದು ಲೋಹ ಆರಂಭವಾಗುವ ಗೆರೆ ಕಣ್ಣಿಗೆ ಕಾಣದು. ಅದು ಬೆರಳಿಗೆ ಮಾತ್ರ ಗೊತ್ತಾಗುವ ಸದ್ದು. “ಕರಕರ ಅನ್ನೋದು ಕಿರ್ ಅಂದ್ರೆ ನಿಲ್ಲಿಸ್ಬೇಕು ಸಾರ್,” ಎಂದರು. ಕಡೆಗೆ ಸಣ್ಣ ಉಳಿಯ ಮೊನೆಯನ್ನು ಗೀರಿನಲ್ಲಿಟ್ಟು ಒಳಮುಖವಾಗಿ ಮೀಟಿದಾಗ ಬಳೆಯು ಮುದುಡಿ ಚೂರುಚೂರಾಗಿ ಹೊರಬಂತು.

ಇಷ್ಟಕ್ಕೇ ನಾನು ಶಭಾಸ್ ಎನ್ನುವುದರಲ್ಲಿದ್ದೆ. ಅವರು ಹಳೆಯ ಪತ್ರಿಕೆಯೊಂದನ್ನು ಹಾಸಿ, ಬಂದ ಚೂರುಗಳನ್ನೆಲ್ಲ ಅದರ ಮೇಲೆ ಮುರಿದ ಬಳೆಯನ್ನು ಕೂಡಿಸುವ ಹುಡುಗಿಯ ಹಾಗೆ ಒಂದರ ಪಕ್ಕಕ್ಕೊಂದು ಜೋಡಿಸತೊಡಗಿದರು. ವೃತ್ತವು ಪೂರ್ತಿಯಾಗಲಿಲ್ಲ, ಗೋಧಿಕಾಳಿನಷ್ಟು ಒಂದು ಚೂರಿನ ಜಾಗ ಬರಿದಾಗಿತ್ತು. ದಾರವನ್ನು ಮೆಲ್ಲನೆ ಎಳೆದು, ಬಟ್ಟೆಯನ್ನು ಬಿಡಿಸಿ, ಗ್ರೀಸಿನೊಳಗಿಂದ ಆ ಕಾಳನ್ನು ಹೆಕ್ಕಿ ಅದರ ಸ್ಥಾನದಲ್ಲಿಟ್ಟ ಮೇಲೆಯೇ ಅವರು ಕೈತೊಳೆದು ಬೀಡಿ ಹಚ್ಚಿದ್ದು. ನಾನು ಕಂಡ ಪಾಂಡಿತ್ಯಗಳಲ್ಲಿ, ಶಿಥಿಲವಾದ ತಾಳೆಗರಿಯ ಪಾಠವನ್ನು ಕೂಡಿಸುವ ಸಂಶೋಧಕರದು ಬಿಟ್ಟರೆ, ಇಷ್ಟು ನಿಷ್ಠೆಯದು ಬೇರೊಂದಿಲ್ಲ.

ಆ ಚೂರುಗಳನ್ನು ಬೆಳಕಿಗೆ ಹಿಡಿದಾಗ ಮುರಿವಿನ ಕಾರಣವೂ ಕಾಣಿಸಿತು. ಹೊರಮೈ ಕಪ್ಪಾಗಿದ್ದರೂ ಒಡೆದ ಮೈ ಬೂದಿಬಣ್ಣವಾಗಿ, ಒಣಗಿದ ಬಿಸ್ಕತ್ತಿನಂತಿತ್ತು. ಇದು ಗಾಜಿನ ನಾರನ್ನು ಬೆರೆಸಿ ಗಟ್ಟಿಮಾಡಿದ ನೈಲಾನು. 1935ರಲ್ಲಿ ಅಮೆರಿಕದ ರಸಾಯನಜ್ಞ ವ್ಯಾಲೇಸ್ ಕ್ಯಾರೊಥರ್ಸನ ಪ್ರಯೋಗಶಾಲೆಯಲ್ಲಿ ಹುಟ್ಟಿ, ಕಾಲುಚೀಲಗಳ ದಾರವಾಗಿ ಲೋಕಪ್ರಿಯವಾದ ವಸ್ತುವಿನ ದಾಯಾದಿ. ಇದು ಹಗುರ, ಅಗ್ಗ, ತುಕ್ಕು ಹಿಡಿಯದು, ಎಷ್ಟು ವಕ್ರವಾದ ಆಕಾರವನ್ನಾದರೂ ಒಂದೇ ಅಚ್ಚಿನಲ್ಲಿ ತಾಳುತ್ತದೆ. ಆದ್ದರಿಂದ ಕಾರು ಕಟ್ಟುವವರಿಗೆ ಇದು ಪ್ರಿಯವಾದುದು ಸಹಜ. ಆದರೆ ಬಿಸಿನೀರಿನಲ್ಲಿ ವರ್ಷಗಟ್ಟಲೆ ನೆನೆದಾಗ ಅದರ ಅಣುಗಳ ಉದ್ದವಾದ ಸರಪಳಿಗಳು ಅಲ್ಲಲ್ಲಿ ತುಂಡಾಗುತ್ತವೆ. ಬಾಗುವ ಗುಣವನ್ನು ಕಳೆದುಕೊಂಡು ಅದು ಸಿಡಿಯುವ ಗುಣವನ್ನು ಪಡೆಯುತ್ತದೆ. ಹಲವು ವೇಳೆ ಮುರಿಯುವ ಹಿಂದಿನ ದಿನವೂ ಅದರ ಮುಖದಲ್ಲಿ ಸೂಚನೆಯೇನೂ ಇರುವುದಿಲ್ಲ. ಹಿಂದಿನ ಅಂಬಾಸಡರ್ ಗಾಡಿಗಳು ಘಟ್ಟದಲ್ಲಿ ಕುದಿಯುತ್ತಿದ್ದುದು ನಮ್ಮ ಪೀಳಿಗೆಯವರಿಗೆಲ್ಲ ನೆನಪಿರತಕ್ಕ ವಿಷಯ. ಅವುಗಳ ಹಿತ್ತಾಳೆಯ ರೇಡಿಯೇಟರು ಸೋರಿದರೂ ತೊಟ್ಟುತೊಟ್ಟಾಗಿ ವಾರದ ಮುಂಚೆ ತಿಳಿಸಿ ಸೋರುತ್ತಿತ್ತು, ಬೆಸುಗೆಯವನು ಸೀಸವನ್ನು ಕಾಸಿ ಮುಚ್ಚುತ್ತಿದ್ದನು. 2014ರಲ್ಲಿ ಆ ಗಾಡಿಯ ತಯಾರಿಕೆಯೇ ನಿಂತಿತು. ಅದರ ಎಲ್ಲ ಗುಣಗಳಿಗಾಗಿ ನಾನು ಹಲುಬುವವನಲ್ಲ. ಆದರೆ ಮುನ್ಸೂಚನೆ ಕೊಟ್ಟು ಕೆಡುವುದು ಯಂತ್ರಕ್ಕಿರಬೇಕಾದ ದೊಡ್ಡ ಶೀಲವೆಂದೇ ನನ್ನ ಅಭಿಪ್ರಾಯ.

ಹೊಸ ಎಲ್ಬೋ ಮೂಡಿಗೆರೆಯಲ್ಲಿ ದೊರೆಯಲಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರು ಫೋನಿನಲ್ಲಿ, ಆ ಮಾಡೆಲ್ಲಿಗೆ ಈಗ ಬರುವುದಿಲ್ಲ, ಹುಡುಕಿಸಿದರೆ ನಾಲ್ಕು ದಿನ ಎಂದರು. ಎಂ-ಸೀಲಿನಿಂದ ಹಳೆಯದನ್ನೇ ಅಂಟಿಸಬಾರದೇ ಎಂದು ನಾನು ಕೇಳಿದ್ದಕ್ಕೆ ಮೇಸ್ತ್ರಿಗಳು ಉತ್ತರವನ್ನೇ ಕೊಡಲಿಲ್ಲ; ಕುದಿನೀರು, ಒತ್ತಡ, ಎಂಜಿನ್ನಿನ ಅದುರಾಟ ಈ ಮೂರನ್ನೂ ತಡೆಯುವ ಅಂಟು ಆ ಸಂದಿಗೆ ಇಲ್ಲವೆಂಬುದು ಅವರ ಮೌನದ ತಾತ್ಪರ್ಯ. “ಎಲ್ಬೋನೇ ಬೇಡ ಸಾರ್. ನೆಟ್ಟಗೆ ಒಂದು ನಿಪ್ಪಲ್ ಹಾಕೋಣ, ಪೈಪೇ ಬಗ್ಗಲಿ,” ಎಂದು ಹೇಳಿ, ನನ್ನನ್ನು ಪಕ್ಕದ ಬೀದಿಯ ಲೇತ್ ಅಂಗಡಿಗೆ ಕರೆದೊಯ್ದರು.

ಲೇತಿನವನು ಹಿತ್ತಾಳೆಯ ಸರಳಿನ ತುಂಡೊಂದನ್ನು ಕಚ್ಚಿಸಿ ತಿರುಗಿಸತೊಡಗಿದಾಗ, ಚಿನ್ನದ ಬಣ್ಣದ ಸುರುಳಿಗಳು ಜಹಂಗೀರಿನ ಎಳೆಗಳಂತೆ ತಟ್ಟೆಗೆ ಬೀಳುತ್ತಿದ್ದವು. ಒಂದು ತುದಿಗೆ ಎಂಜಿನ್ನಿನ ತೂತಿಗೆ ಹೊಂದುವ ಥ್ರೆಡ್ಡು. ನಡುವೆ ಪಾನಾ ಹಿಡಿಯಲು ಆರು ಮುಖ. ಇನ್ನೊಂದು ತುದಿಯಲ್ಲಿ, ಪೈಪು ಜಾರಿ ಬರದಂತೆ ಉಬ್ಬಿದ ಒಂದು ಸಣ್ಣ ಉಂಗುರ. ಈ ಉಂಗುರವನ್ನು ಮರೆತ ನಿಪ್ಪಲ್ಲು ಎಷ್ಟೇ ಕ್ಲಿಪ್ಪು ಬಿಗಿದರೂ ಒಂದಲ್ಲ ಒಂದು ದಿನ ಪೈಪನ್ನು ಉಗುಳುತ್ತದೆ. ಹಿತ್ತಾಳೆಗೆ ದೋಷವಿಲ್ಲವೆಂದಲ್ಲ. ಎರಡು ಭಿನ್ನಲೋಹಗಳು ಉಪ್ಪಿನಂಶವುಳ್ಳ ನೀರಿನಲ್ಲಿ ಜೊತೆಯಾದರೆ ವಿದ್ಯುತ್ತಿನ ಸೂಕ್ಷ್ಮಪ್ರವಾಹ ಹುಟ್ಟಿ ಅಲ್ಯೂಮಿನಿಯಮ್ಮು ತಿನ್ನಲ್ಪಡುತ್ತದೆ. ಆದುದರಿಂದ ಇಂಥ ಗಾಡಿಗೆ ಬೋರಿನ ನೀರನ್ನು ತೋರಿಸಲೇಬಾರದು. ತುಕ್ಕುನಿರೋಧಕವುಳ್ಳ ಒಳ್ಳೆಯ ಕೂಲೆಂಟನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನೊಡನೆ ಬೆರೆಸಿ ಹೊಯ್ಯಬೇಕು, ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಲೇತಿನವನು ಕೇಳಿದ್ದು ಮುನ್ನೂರು ರೂಪಾಯಿ.

ಮುಂದಿನದು ಬೇಗನೆ ಆಯಿತು. ಥ್ರೆಡ್ಡಿಗೆ ಸೀಲೆಂಟು ಸವರಿ ನಿಪ್ಪಲ್ಲನ್ನು ಹದವರಿತು ತಿರುಗಿಸಿದರು. ಹಿತ್ತಾಳೆ ತಡೆಯುವಷ್ಟು ಬಲವನ್ನು ಅಲ್ಯೂಮಿನಿಯಮ್ಮು ತಡೆಯದು. ಬಾಗಿದ ಹೊಸ ಪೈಪೊಂದನ್ನು ತೂರಿಸಿ ಕ್ಲಿಪ್ಪನ್ನು ಬಿಗಿದರು. ತಿರುಪಿನಿಂದ ಬಿಗಿಯುವ ಈ ಕ್ಲಿಪ್ಪಿನ ಮೊದಲ ರೂಪಕ್ಕೆ 1921ರಲ್ಲಿ ಪೇಟೆಂಟ್ ಪಡೆದವನು ಲಮ್ಲಿ ರಾಬಿನ್ಸನ್ ಎಂಬ ಬ್ರಿಟಿಷ್ ನೌಕಾಪಡೆಯ ಅಧಿಕಾರಿ. ನೂರು ವರ್ಷ ಕಳೆದರೂ ಅದನ್ನು ಮೀರಿಸಬೇಕೆಂದು ಯಾರಿಗೂ ಅನ್ನಿಸಿದಂತಿಲ್ಲ. ಬಳಿಕ ಗಾಡಿಯ ಮೂತಿಯನ್ನು ಇಳಿಜಾರಿನ ಮೇಲ್ಗಡೆಗೆ ನಿಲ್ಲಿಸಿ, ಹೀಟರಿನ ಗುಬುಟನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆಗೆದಿರುವಂತೆಯೇ ಎಂಜಿನ್ನನ್ನು ಚಾಲೂ ಮಾಡಿದರು. ಒಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಎಂದು ಗುಳ್ಳೆಗಳಾಗಿ ಮೇಲೆದ್ದಂತೆಲ್ಲ ನೀರಿನ ಮಟ್ಟ ಇಳಿಯುತ್ತಿತ್ತು. ಅಷ್ಟನ್ನು ಮತ್ತೆ ತುಂಬುತ್ತಿದ್ದರು. ಈ ಏರ್ ಲಾಕನ್ನು ಬಿಡಿಸದೆ ಕಳುಹಿಸಿದ ಗಾಡಿ, ಸೋರಿಕೆಯೇ ಇಲ್ಲದಿದ್ದರೂ, ಹತ್ತು ಮೈಲಿಯೊಳಗೆ ಮತ್ತೆ ಕುದಿಯುತ್ತದೆ. ಫ್ಯಾನು ಎರಡು ಸಲ ತಾನಾಗಿ ತಿರುಗಿ ನಿಂತ ಮೇಲೆ ಮೇಸ್ತ್ರಿಗಳು ಮುಚ್ಚಳವನ್ನು ಹಾಕಿ, ನಿಪ್ಪಲ್ಲಿನ ಕೆಳಗೆ ಒಣಗಿದ ಪತ್ರಿಕೆಯ ಹಾಳೆಯೊಂದನ್ನು ಹಿಡಿದು ನೋಡಿ, “ಹೊರಡಿ ಸಾರ್,” ಎಂದರು. ಹಾಳೆಯ ಮೇಲೆ ಒಂದು ತೊಟ್ಟೂ ಇರಲಿಲ್ಲ.

ಅಲ್ಲಿಂದೀಚೆಗೆ ಆ ಗಾಡಿ ಚಾರ್ಮಾಡಿಯನ್ನು ಐದು ಸಲ ಹತ್ತಿಳಿದಿದೆ. ಹಿತ್ತಾಳೆಯ ನಿಪ್ಪಲ್ಲು ಸ್ವಲ್ಪ ಮಂಕಾಗಿರುವುದು ಬಿಟ್ಟರೆ ನೆಟ್ಟಗಿದೆ. ಓದುಗರಲ್ಲಿ ಯಾರ ಗಾಡಿಗಾದರೂ ಹದಿನೈದು ವರ್ಷ ದಾಟಿದ್ದರೆ, ಎಂಜಿನ್ನು ತಣ್ಣಗಿರುವಾಗಲೇ ಒಮ್ಮೆ ಬಾನೆಟ್ಟನ್ನು ಎತ್ತಿರಿ. ರಬ್ಬರಿನ ಪೈಪುಗಳು ಎಂಜಿನ್ನನ್ನು ಸೇರುವ ಒಂದೊಂದು ಬಾಯನ್ನೂ ಟಾರ್ಚು ಹಿಡಿದು ನೋಡಿರಿ. ಪ್ಲಾಸ್ಟಿಕ್ಕು ಬೂದಿಬಣ್ಣಕ್ಕೆ ತಿರುಗಿದ್ದರೆ, ಅಥವಾ ಸುತ್ತ ಒಣಗಿದ ಹಸಿರು ಕರೆ ಕಂಡರೆ, ಅದನ್ನು ಬದಲಿಸುವತನಕ ಘಟ್ಟದ ಕಡೆಗೆ ಹೊರಡಬೇಡಿರಿ.